ಕಾರ್ ಸೀಟ್, ಸ್ಟ್ರಾಲರ್ ಮೇಲಿನ ಎಚ್ಚರಿಕೆ ಲೇಬಲ್ ಕಿತ್ತುಹಾಕಬಹುದಾ?

ತೊಟ್ಟಿಲುಗಿಣಿ:

5 ತಿಂಗಳ ಮಗುವಿಗೆ ಹಿಂಮುಖವಾಗಿ ಕೂರಿಸುವ ಕಾರ್ ಸೀಟ್, ಜೊತೆಗೆ ಒಂದು ಸ್ಟ್ರಾಲರ್. ಎರಡೂ ಹೊಸವು. ಎರಡರ ಮೇಲೂ ಬಟ್ಟೆಗಿಂತ ಲೇಬಲ್ಲೇ ಜಾಸ್ತಿ ಅನ್ನೋ ಹಾಗಿದೆ. ಕಾರ್ ಸೀಟಿನಲ್ಲಿ ತಲೆ ಒರಗುವ ಕಡೆಯೇ ಹಳದಿ ಬಣ್ಣದ ಏರ್‌ಬ್ಯಾಗ್ ಲೇಬಲ್ ಹೊಲಿದಿದ್ದಾರೆ, ಅದರ ಅಂಚು ಕೆನ್ನೆಗೆ ಉಜ್ಜುತ್ತೆ. ಪಕ್ಕಗಳಲ್ಲಿ ನಾಲ್ಕು ಸ್ಟಿಕ್ಕರ್. ಸ್ಟ್ರಾಲರ್ ಕೊಳವೆಗಳ ಮೇಲೆ ಮೂರು, ಸೀಟಿನ ಬದಿಯಲ್ಲಿ ಹತ್ತಾರು ಭಾಷೆಗಳ ಉದ್ದನೆ ಬಟ್ಟೆ ಪಟ್ಟಿ. ಮಗು ಆ ಪಟ್ಟಿಯನ್ನೇ ಹಿಡಿದು ಬಾಯಿಗೆ ಹಾಕ್ಕೊಳ್ಳುತ್ತೆ. ಎಲ್ಲ ಓದಿ ಆಗಿದೆ. ಇನ್ನು ಕತ್ತರಿಸಿ, ಅಂಟನ್ನು ನೈಲ್ ಪಾಲಿಶ್ ರಿಮೂವರ್‌ನಲ್ಲಿ ಒರೆಸಿದರೆ ಏನಾದರೂ ತೊಂದರೆ ಇದೆಯಾ?

ನಟ್ಟುಬೋಲ್ಟು:

ಮೊದಲು ಆ ರಿಮೂವರ್ ಬಾಟಲಿ ಪಕ್ಕಕ್ಕಿಡಿ. ಅದರಲ್ಲಿ ಸಾಮಾನ್ಯವಾಗಿ ಇರೋದು ಅಸಿಟೋನ್. ಸೀಟಿನ ಕವರ್ ಎತ್ತಿ ನೋಡಿದರೆ ತಲೆಯ ಎರಡೂ ಪಕ್ಕ ಬಿಳಿ ಥರ್ಮಾಕೋಲ್ ತರಹದ ಫೋಮ್ ಕಾಣುತ್ತೆ. ಡಿಕ್ಕಿಯಾದಾಗ ತಾನು ನುಜ್ಜಾಗಿ ತಲೆಗೆ ಬರುವ ಪೆಟ್ಟನ್ನು ನುಂಗೋದು ಅದೇ. ಥರ್ಮಾಕೋಲ್ ಮೇಲೆ ಅಸಿಟೋನ್, ಪೆಟ್ರೋಲ್ ಅಥವಾ ಥಿನ್ನರ್‌ನ ಒಂದು ಹನಿ ಬಿದ್ದರೂ ಬೆಲ್ಲಕ್ಕೆ ಬಿಸಿನೀರು ಬಿದ್ದಂತೆ ಗುಳಿ ಬೀಳುತ್ತೆ. ಕವರ್ ಮುಚ್ಚಿದ ಮೇಲೆ ಆ ಗುಳಿ ಯಾರ ಕಣ್ಣಿಗೂ ಬೀಳಲ್ಲ. ಹೊರಗಿನ ಗಟ್ಟಿ ಪ್ಲಾಸ್ಟಿಕ್‌ನ ಕಥೆಯೂ ಅಷ್ಟೇ. ಕೆಲವು ಬಗೆಯ ಪ್ಲಾಸ್ಟಿಕ್‌ಗೆ, ಮುಖ್ಯವಾಗಿ ಎಬಿಎಸ್, ಪಾಲಿಕಾರ್ಬೊನೇಟ್‌ಗೆ, ಇಂಥ ದ್ರಾವಕ ತಾಗಿದರೆ ಕೂದಲೆಳೆಯಂಥ ಬಿರುಕು ಬಿಡುತ್ತವೆ. ಬಿರುಕು ತಕ್ಷಣ ಕಾಣಬೇಕೆಂದೇನೂ ಇಲ್ಲ, ಒತ್ತಡ ಬಿದ್ದಾಗ ಅಲ್ಲಿಂದ ಸೀಳುತ್ತೆ.

ಇನ್ನು ಲೇಬಲ್ ವಿಷಯ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಕೆಲವನ್ನು ಅಂಟಿಸಿರೋದೇ ಕೀಳಲಿ ಅಂತ: ದಾರದಲ್ಲಿ ತೂಗುವ ರಟ್ಟಿನ ಚೀಟಿ, ಬಕಲ್ ಸುತ್ತ ಸುತ್ತಿದ ಪ್ಲಾಸ್ಟಿಕ್ ಹಾಳೆ, ಬೆಲ್ಟಿಗೆ ಸಿಕ್ಕಿಸಿದ 'ಬಳಸುವ ಮುನ್ನ ತೆಗೆಯಿರಿ' ಕಾಗದ. ಇವು ಮೊದಲ ದಿನವೇ ಹೋಗಬೇಕು, ದಾರ ಕುತ್ತಿಗೆಗೆ, ಹಾಳೆ ಮೂಗಿಗೆ ಅಪಾಯ. ಚೀಟಿ ಕಟ್ಟಿರುವ ಸಣ್ಣ ಪ್ಲಾಸ್ಟಿಕ್ ಕಡ್ಡಿಯ ಒಂದು ತುದಿ ಕತ್ತರಿಸಿ ಬಿಟ್ಟರೆ 'ಟಿ' ಆಕಾರದ ಇನ್ನೊಂದು ತುದಿ ಕವರಿನ ಒಳಗೇ ಉಳಿದು ಮಗುವಿನ ಬೆನ್ನಿಗೆ ಚುಚ್ಚುತ್ತೆ. ಎರಡೂ ತುಂಡು ಕೈಗೆ ಬಂದಿವೆಯಾ ನೋಡಿಕೊಳ್ಳಿ.

ಅಂಟಿಸಿದ್ದು, ಹೊಲಿದದ್ದು, ಅಚ್ಚೊತ್ತಿದ್ದು ಮಾತ್ರ ಕಾರ್ ಸೀಟಿನ ಮಟ್ಟಿಗೆ ಸೀಟಿನದೇ ಒಂದು ಭಾಗ. ಮುಟ್ಟಬೇಡಿ.

ಹಳೆಗಾಲಿ:

ಸ್ವಲ್ಪ ಅತಿಯಾಯ್ತು. ಓದಿ ಅರ್ಥ ಮಾಡಿಕೊಂಡ ಮೇಲೆ ಸ್ಟಿಕ್ಕರ್ ಇದ್ದರೇನು ಬಿಟ್ಟರೇನು? ಬೆಲ್ಟ್ ಹಿಡಿಯೋದು ಮಗುವನ್ನು, ಸ್ಟಿಕ್ಕರ್ ಅಲ್ಲ. ಕಂಪನಿಯವರು ತಮ್ಮ ತಲೆ ಉಳಿಸಿಕೊಳ್ಳೋಕೆ ಅರ್ಧ ಅಂಟಿಸಿರ್ತಾರೆ. ಸ್ಟ್ರಾಲರ್‌ನಲ್ಲಂತೂ 'ಮಗುವನ್ನು ಒಂಟಿಯಾಗಿ ಬಿಡಬೇಡಿ' ಅಂತ ಹತ್ತು ಭಾಷೆಯಲ್ಲಿ ಬರೆದರೆ ಯಾರಿಗೆ ಲಾಭ?

ಬೆಲ್ಟುಬಕಲ್:

@ಹಳೆಗಾಲಿ ಸ್ಟ್ರಾಲರ್ ಬಗ್ಗೆ ನಿಮ್ಮ ಮಾತು ಅರ್ಧ ಸರಿ, ಅದಕ್ಕೆ ಆಮೇಲೆ ಬರ್ತೀನಿ. ಕಾರ್ ಸೀಟಿಗೆ ಒಪ್ಪಲ್ಲ. ಅಲ್ಲಿ ಬರೆದಿರೋದೆಲ್ಲ ಬುದ್ಧಿವಾದ ಅಲ್ಲ, ಬೇರೆಲ್ಲೂ ಸಿಗದ ಮಾಹಿತಿಯೂ ಇದೆ.

ಮಕ್ಕಳ ಕಾರ್ ಸೀಟಿನ ಸುರಕ್ಷತೆಗೆ ಇರುವ ವಿಶ್ವಸಂಸ್ಥೆಯ ಆರ್44 ನಿಯಮದ ಸೀಟಾದರೆ ಕಿತ್ತಳೆ ಬಣ್ಣದ ಲೇಬಲ್ ಇರುತ್ತೆ. ಯಾವ ತೂಕದ ಮಗುವಿಗೆ ಅನ್ನೋದು ಅದರಲ್ಲೇ. ವೃತ್ತದೊಳಗೆ ಇಂಗ್ಲಿಷಿನ 'ಇ' (E) ಅಕ್ಷರ, ಪಕ್ಕದ ಅಂಕಿ ಅನುಮೋದಿಸಿದ ದೇಶದ್ದು: 1 ಜರ್ಮನಿ, 2 ಫ್ರಾನ್ಸ್, 4 ನೆದರ್ಲೆಂಡ್ಸ್. ಅನುಮೋದನೆ ಸಂಖ್ಯೆ 03 ಅಥವಾ 04ರಿಂದ ಶುರುವಾಗಬೇಕು. 01, 02 ತೀರಾ ಹಳೆಯವು, ಅವುಗಳ ಬಳಕೆ ಯುರೋಪಿನಲ್ಲಿ 2008ರಲ್ಲೇ ನಿಂತುಹೋಯ್ತು. ಅದರ ನಂತರ ಬಂದ ಆರ್129 ನಿಯಮದ ಸೀಟಾದರೆ ಮಗುವಿನ ಎತ್ತರ ಸೆಂಟಿಮೀಟರಿನಲ್ಲಿ ಇರುತ್ತೆ. ಈ ಲೇಬಲ್ ಹೋದರೆ ಸೀಟು ಪರೀಕ್ಷೆ ಪಾಸಾಗಿದೆ ಅಂತ ತೋರಿಸೋಕೆ ಏನೂ ಉಳಿಯಲ್ಲ.

ತಯಾರಿಕೆಯ ದಿನಾಂಕ ಮತ್ತು ಮಾದರಿ ಸಂಖ್ಯೆಯ ಬಿಳಿ ಅಥವಾ ಬೆಳ್ಳಿ ಬಣ್ಣದ ಸ್ಟಿಕ್ಕರ್ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಲೆಕ್ಕ. ಕಂಪನಿ ದೋಷವಿರುವ ಸೀಟುಗಳನ್ನು ವಾಪಸ್ ಕರೆದಾಗ 'ಈ ಸಂಖ್ಯೆಯವು, ಈ ದಿನಾಂಕದಿಂದ ಈ ದಿನಾಂಕದವರೆಗೆ ತಯಾರಾದವು' ಅಂತಲೇ ಹೇಳೋದು. ಸೀಟಿನ ಆಯಸ್ಸು ಸಾಮಾನ್ಯವಾಗಿ 6ರಿಂದ 10 ವರ್ಷ, ಅದನ್ನು ಎಣಿಸೋದೂ ಹೆಚ್ಚಿನ ಕಂಪನಿಗಳಲ್ಲಿ ಆ ದಿನಾಂಕದಿಂದಲೇ.

ಇನ್ನೊಂದು, ಐಸೋಫಿಕ್ಸ್ ಕೊಂಡಿಯ (ಬೆಲ್ಟಿಲ್ಲದೆ ಸೀಟನ್ನು ಕಾರಿಗೇ ಸಿಕ್ಕಿಸುವ ಕೊಂಡಿ) ತೂಕದ ಮಿತಿ. ಆರ್129ರಲ್ಲಿ ಐ-ಸೈಜ್ ಅನ್ನೋ ಬಗೆಯ ಸೀಟಿಗೆ ಸೀಟು, ಮಗು ಸೇರಿ 33 ಕೆ.ಜಿ. ಸೀಟೇ 12 ಕೆ.ಜಿ. ಇದ್ದರೆ ಮಗುವಿಗೆ ಉಳಿಯೋದು 21. ಅಮೆರಿಕದ ನಿಯಮದಲ್ಲಿ ಕೆಳಗಿನ ಕೊಂಡಿಗಳಿಗೆ ಇದೇ ಲೆಕ್ಕ 65 ಪೌಂಡ್, ಅಂದರೆ ಸುಮಾರು 29.5 ಕೆ.ಜಿ. ಅದು ದಾಟಿದರೆ ಕಾರಿನ ಸೀಟ್ ಬೆಲ್ಟಿನಿಂದ ಕಟ್ಟಬೇಕು. ಮೂರು ವರ್ಷದ ನಂತರ ಈ ಅಂಕಿ ಯಾರ ನೆನಪಿನಲ್ಲಿರುತ್ತೆ? ಅಮೆರಿಕದ ವಿಮಾನದಲ್ಲಿ ಒಯ್ಯೋದಾದರೆ 'ಮೋಟಾರು ವಾಹನ ಮತ್ತು ವಿಮಾನದಲ್ಲಿ ಬಳಸಲು ಪ್ರಮಾಣಿತ' ಅನ್ನುವ ಕೆಂಪಕ್ಷರದ ಸಾಲೂ ಬೇಕು. ಅದು ಕಾಣದಿದ್ದರೆ ಸಿಬ್ಬಂದಿ ಸೀಟು ಕಟ್ಟೋಕೆ ಬಿಡದೇ ಇರಬಹುದು.

ಬೆಲ್ಟ್ ಹಾಯುವ ದಾರಿಯ ಬಣ್ಣದ ಗುರುತು (ಆರ್44 ಸೀಟಲ್ಲಿ ಹಿಂಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು) ಮತ್ತು 'ಈ ಗೆರೆ ನೆಲಕ್ಕೆ ಸಮವಾಗಿರಲಿ' ಅನ್ನುವ ಓರೆಯ ಗುರುತನ್ನು ಕಿತ್ತರೆ, ನಿಮ್ಮ ಕಾರಿನಿಂದ ಇನ್ನೊಬ್ಬರ ಕಾರಿಗೆ ಸೀಟು ಬದಲಾಯಿಸುವ ದಿನ ತಪ್ಪಾಗುತ್ತೆ. ಓದಿದವರು ನೀವು, ಕಟ್ಟುವವರು ಅವತ್ತು ಮಗುವಿನ ಅಜ್ಜನೋ ಚಿಕ್ಕಮ್ಮನೋ ಆಗಿರ್ತಾರೆ.

ನಟ್ಟುಬೋಲ್ಟು:

ಏರ್‌ಬ್ಯಾಗ್ ಲೇಬಲ್ ಬಗ್ಗೆ ಸೇರಿಸ್ತೀನಿ, ಕೇಳಿದ್ದೇ ಅದು. ಆ ಜಾಗ ಬೇಕಂತಲೇ ಆರಿಸಿದ್ದು. ಮಗುವನ್ನು ಮಲಗಿಸೋಕೆ ಬಗ್ಗಿದಾಗ ಕಣ್ಣಿಗೆ ಬಿದ್ದೇ ಬೀಳಬೇಕು. ಆರ್44, ಆರ್129 ಎರಡರಲ್ಲೂ ಅದರ ಕನಿಷ್ಠ ಅಳತೆ 60 × 120 ಮಿ.ಮೀ. ಒಂದೇ ಅಂಚು ಹೊಲಿದು ಬಾವುಟದಂತೆ ತೂಗಬಿಡುವಂತಿಲ್ಲ. ಸುತ್ತಲೂ ಹೊಲಿಯಬೇಕು, ಇಲ್ಲವೇ ಹಿಂಬದಿ ಪೂರ್ತಿ ಅಂಟಬೇಕು. ಕಾರಣ ಗೊತ್ತಿರೋದೇ: ಹಿಂಮುಖ ಸೀಟನ್ನು ಮುಂದಿನ ಸೀಟಿನ ಮೇಲಿಟ್ಟರೆ ಅದರ ಬೆನ್ನು ಡ್ಯಾಶ್‌ಬೋರ್ಡಿಗೆ ತೀರಾ ಹತ್ತಿರ. ಏರ್‌ಬ್ಯಾಗ್ ರೆಪ್ಪೆ ಬಡಿಯುವುದರೊಳಗೆ ಹಿಗ್ಗಿ ಮಗುವಿನ ತಲೆಯ ಹಿಂದಿನ ಪ್ಲಾಸ್ಟಿಕ್‌ಗೇ ಗುದ್ದುತ್ತೆ.

ಸುತ್ತಲೂ ಹೊಲಿದಿರಬೇಕಾದ ಲೇಬಲ್ ಕೆನ್ನೆಗೆ ಉಜ್ಜುತ್ತೆ ಅಂದರೆ ಎಲ್ಲೋ ಒಂದು ಮೂಲೆ ಎದ್ದಿದೆ, ಇಲ್ಲವೇ ತಲೆದಿಂಬು ತಪ್ಪು ಎತ್ತರದಲ್ಲಿದೆ. ಹಿಂಮುಖ ಸೀಟಿನಲ್ಲಿ ಭುಜದ ಪಟ್ಟಿಗಳು ಹೊರಬರುವ ಸೀಳು ಮಗುವಿನ ಭುಜದ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಇರಬೇಕು. ಅದನ್ನು ಸರಿ ಮಾಡಿದ ಮೇಲೆ ತಲೆ ಎಲ್ಲಿ ಒರಗುತ್ತೆ ನೋಡಿ. ಮೂಲೆ ಎದ್ದಿದ್ದರೆ ಅದು ಹೊಲಿಗೆಯ ದೋಷ, ಕವರ್ ಬದಲಿಸಿಕೊಡಿ ಅಂತ ಕಂಪನಿಗೆ ಬರೆಯಿರಿ, ಫೋಟೋ ಜೊತೆಗೆ. ಅಲ್ಲಿಯವರೆಗೆ ತೆಳ್ಳನೆ ಹತ್ತಿ ಟೋಪಿ ಸಾಕು. ಲೇಬಲ್ ಮೇಲೆ ಟವೆಲ್, ಹೊರಗಿನಿಂದ ಕೊಂಡ ದಿಂಬು ಇಡಬೇಡಿ. ಗದ್ದ ಎದೆಗೆ ಬಾಗಿದರೆ ಈ ವಯಸ್ಸಿನ ಮಗುವಿನ ಉಸಿರು ಕಟ್ಟಬಹುದು.

ಬ್ಲೇಡಿನಲ್ಲಿ ಹೊಲಿಗೆ ಬಿಚ್ಚೋದಂತೂ ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಲೇಬಲ್ಲಿನ ಅಂಚು ಕವರಿನ ಹೊಲಿಗೆಯೊಳಗೇ ಸೇರಿದ್ದರೆ ಅದನ್ನು ಬಿಚ್ಚಿದಾಗ ಕವರೂ ಬಾಯಿ ಬಿಡುತ್ತೆ. ಕತ್ತರಿಯಲ್ಲಿ ಕತ್ತರಿಸಿದರೆ ಉಳಿದ ಮೊಂಡು ಅಂಚು ಮೊದಲಿಗಿಂತ ಒರಟು. ಬಿಟ್ಟ ನೂಲೆಳೆ ಬೆರಳಿಗೆ ಸುತ್ತಿಕೊಂಡು ರಕ್ತ ನಿಲ್ಲುವ ಅಪಾಯ ಬೇರೆ.

ಬೆಲ್ಟುಬಕಲ್:

ಸ್ಟ್ರಾಲರ್‌ಗೆ ಬರ್ತೀನಿ. ಅಲ್ಲಿ ಸ್ಟಿಕ್ಕರ್ ಕಿತ್ತರೆ ಗಾಡಿಯ ಬಲ ಕಮ್ಮಿಯಾಗಲ್ಲ, ನಿಜ. ಆದರೂ ಮಾದರಿ ಮತ್ತು ಬ್ಯಾಚ್ ಸಂಖ್ಯೆಯ ಸ್ಟಿಕ್ಕರ್ (ಹೆಚ್ಚಾಗಿ ಹಿಂದಿನ ಅಡ್ಡಕೊಳವೆಯ ಮೇಲೆ) ಇರಲಿ. ಕೆಳಗಿನ ಬುಟ್ಟಿಯ ತೂಕದ ಮಿತಿಯೂ ಇರಲಿ. ಹಿಡಿಗೆ ಚೀಲ ತೂಗುಹಾಕಬೇಡಿ ಅನ್ನೋದು ಹಿಡಿಯ ಹತ್ತಿರವೇ ಇರೋದಕ್ಕೂ ಅರ್ಥ ಇದೆ. ಮಗು ಕೂತಿರುವಾಗ ಗಾಡಿ ನಿಲ್ಲುತ್ತೆ, ಮಗುವನ್ನು ಎತ್ತಿಕೊಂಡ ಕ್ಷಣ ಚೀಲದ ಭಾರಕ್ಕೆ ಹಿಂದಕ್ಕೆ ಮಗುಚುತ್ತೆ. ಮಡಚುವ ಕೀಲಿನ ಬಳಿಯ ಬೆರಳಿನ ಚಿತ್ರ ಓದು ಬಾರದವರಿಗೂ ಅರ್ಥವಾಗುತ್ತೆ. ಆ ಕೀಲಿಗೆ ಬೆರಳ ತುದಿ ಸಿಕ್ಕಿ ತುಂಡಾಗಿರೋದೂ ಉಂಟು. 'ಈ ಸೀಟು 6 ತಿಂಗಳೊಳಗಿನ ಮಗುವಿಗಲ್ಲ' ಅಂತ ಇದ್ದರೆ ಸದ್ಯಕ್ಕೆ ನಿಮಗೇ ಅನ್ವಯ, ಮೊದಲು ಅದನ್ನು ನೋಡಿ!

ಬಾಯಿಗೆ ಹೋಗುವ ಬಟ್ಟೆ ಪಟ್ಟಿ ಬರೀ ಒಗೆಯುವ ಸೂಚನೆಯದಾಗಿದ್ದರೆ, ಫೋಟೋ ತೆಗೆದುಕೊಂಡು ಹೊಲಿಗೆಯಿಂದ 3-4 ಮಿ.ಮೀ. ಬಿಟ್ಟು ಕತ್ತರಿಸಬಹುದು, ಸ್ಟ್ರಾಲರ್‌ನಲ್ಲಿ ಮಾತ್ರ. ಎಚ್ಚರಿಕೆಯೂ ಅದರಲ್ಲೇ ಇದ್ದರೆ ಸೀಟಿನ ಹಿಂಬದಿಗೆ ತಿರುಗಿಸಿ, ಅದೇ ಬಟ್ಟೆಗೆ ನಾಲ್ಕು ಹೊಲಿಗೆ ಹಾಕಿ ಕೂರಿಸಿ. ಲೋಹದ ಕೊಳವೆ ಮೇಲಿನ ಮೆರುಗಿನ ಜಾಹೀರಾತು ಸ್ಟಿಕ್ಕರ್ ಬೇಕಿಲ್ಲವಾದರೆ, ಉಗುರುಬೆಚ್ಚಗಿನ ಸೋಪು ನೀರಿನ ಬಟ್ಟೆ 10 ನಿಮಿಷ ಸುತ್ತಿಟ್ಟು ಒಂದು ಮೂಲೆಯಿಂದ ನಿಧಾನಕ್ಕೆ ಎಳೆಯಿರಿ. ಉಳಿದ ಅಂಟಿಗೆ ಎರಡು ಹನಿ ಅಡುಗೆ ಎಣ್ಣೆ, ಆಮೇಲೆ ಸೋಪು. ಎಣ್ಣೆ ಬ್ರೇಕಿಗೂ ಲಾಕಿಗೂ ತಾಗಬಾರದು. ಕಾರ್ ಸೀಟಿನ ಬೆಲ್ಟಿನ ಹತ್ತಿರ ಎಣ್ಣೆ ತರಲೇಬೇಡಿ, ಬೆಲ್ಟ್ ಬಿಗಿ ಹಿಡಿಯುವ ಹಲ್ಲಿಗೆ ಜಾರಿಕೆ ಬಂದರೆ ಮುಗೀತು.

ತೊಟ್ಟಿಲುಗಿಣಿ:

ತುಂಬ ಉಪಕಾರವಾಯ್ತು. ಒಂದು ಎಡವಟ್ಟು ಆಗಿಹೋಗಿದೆ. ಕಾರ್ ಸೀಟಿನ ಪಕ್ಕದ ಬೆಳ್ಳಿ ಸ್ಟಿಕ್ಕರ್ ಅರ್ಧ ಕಿತ್ತಾಗಿದೆ, ಮಾದರಿ ಸಂಖ್ಯೆ ಇದೆ, ದಿನಾಂಕ ಹರಿದುಹೋಗಿದೆ. ಚೂರುಗಳೂ ಸಿಗ್ತಿಲ್ಲ.

ನಟ್ಟುಬೋಲ್ಟು:

ಸೀಟನ್ನು ಬೋರಲು ಹಾಕಿ, ತಳದ ಪ್ಲಾಸ್ಟಿಕ್ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಗಡಿಯಾರದಂಥ ಸಣ್ಣ ವೃತ್ತ ಕಾಣಬಹುದು: ಸುತ್ತ 1ರಿಂದ 12, ನಡುವೆ ವರ್ಷದ ಎರಡಂಕಿ, ಒಂದು ಬಾಣ. ಬಾಣ ತೋರಿಸೋದು ತಿಂಗಳು. ಅದು ಆ ತುಂಡು ಅಚ್ಚಿನಿಂದ ಹೊರಬಂದ ತಿಂಗಳು, ಸೀಟು ಜೋಡಿಸಿದ್ದು ಅದಾದ ಮೇಲೆ. ಹಾಗಾಗಿ ಅಂದಾಜಿಗೆ ಅದನ್ನೇ ಹಿಡಿದರೆ ಎಣಿಕೆ ಸುರಕ್ಷಿತ ಕಡೆಗೇ ವಾಲುತ್ತೆ. ಕೆಲವು ಸೀಟುಗಳಲ್ಲಿ ಬಳಕೆ ಮುಗಿಯುವ ವರ್ಷವನ್ನೇ ಪ್ಲಾಸ್ಟಿಕ್‌ನಲ್ಲಿ ಒತ್ತಿರ್ತಾರೆ. ಡಬ್ಬಿ ಎಸೆದಿಲ್ಲವಾದರೆ ಅದರ ಮೇಲೂ ದಿನಾಂಕ ಹುಡುಕಿ. ಮಾದರಿ ಸಂಖ್ಯೆ, ಖರೀದಿ ರಸೀದಿ, ಫೋಟೋ ಸೇರಿಸಿ ಕಂಪನಿಗೆ ಬರೆದು, ಸೀಟನ್ನು ನಿಮ್ಮ ಹೆಸರಿಗೆ ನೋಂದಾಯಿಸಿಬಿಡಿ. ವಾಪಸಾತಿಯ ಸೂಚನೆ ನಿಮಗೇ ಬರುತ್ತೆ. ಉಳಿದರ್ಧ ಸ್ಟಿಕ್ಕರಿನ ಎದ್ದ ಅಂಚನ್ನು ಬೆರಳಿನಿಂದ ಒತ್ತಿ ಕೂರಿಸಿ, ಪ್ಲಾಸ್ಟಿಕ್ ಮೇಲೆ ಮಾರ್ಕರ್‌ನಲ್ಲಿ ದಿನಾಂಕ ಬರೆಯೋಕೆ ಹೋಗಬೇಡಿ.

ಬೆಲ್ಟುಬಕಲ್:

ಸಿಗದ ಚೂರುಗಳಿಗೆ ಬಕಲ್ ಒಳಗೂ ನೋಡಿ. ಸೀಟು ಬೋರಲಾಗಿರುವಾಗಲೇ ಬಕಲ್‌ನ ಕೆಂಪು ಗುಂಡಿ ಒತ್ತಿಹಿಡಿದು ಅಲ್ಲಾಡಿಸಿದರೆ ಬೀಳುತ್ತೆ. ಅಂಟಿನ ಚೂರು ಒಳಗಿದ್ದರೆ 'ಕ್ಲಿಕ್' ಸದ್ದು ಮಂಕಾಗುತ್ತೆ, ಅಥವಾ ಒಂದು ನಾಲಿಗೆ ಮಾತ್ರ ಕೂತು ಇನ್ನೊಂದು ಎಳೆದರೆ ಬಂದುಬಿಡುತ್ತೆ. ಕೈಪಿಡಿಯಲ್ಲಿ ಅನುಮತಿ ಇದ್ದರೆ ಬಕಲ್ ಮಾತ್ರ ಬೆಚ್ಚಗಿನ ನೀರಲ್ಲಿ ಅದ್ದಿ, ಹತ್ತು ಸಲ ಒತ್ತಿ, ನೆರಳಲ್ಲಿ ಒಣಗಿಸಿ. ಅದಕ್ಕಾಗಿ ಪಟ್ಟಿ ಬಿಚ್ಚಿದರೆ ತಳದ ಲೋಹದ ತಗಡು ವಾಪಸ್ ಹಾಕುವಾಗ ಚಪ್ಪಟೆಯಾಗಿ ಕೂತಿರಬೇಕು, ಪಟ್ಟಿ ತಿರುಚಿರಬಾರದು.