ಬೇಸಿಗೆಯಲ್ಲಿ ಎಚ್‌ಎಫ್ ಆಕಳು ಗಬ್ಬ ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಸಿಂಧನೂರು ಕಡೆಯಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ಅನ್ನೋ ವಿದೇಶಿ ಹಾಲಿನ ತಳಿ) ಮಿಶ್ರತಳಿ ಆಕಳುಗಳಿವೆ. ಎರಡನೇ ಸೂಲಿನ ಆಕಳೊಂದು ಶಿವರಾತ್ರಿ ಆದಮೇಲಿಂದ ಗಬ್ಬ ನಿಲ್ಲುತ್ತಿಲ್ಲ. ಸೆಮೆನ್ (ಹೋರಿಯ ವೀರ್ಯ) ಹಾಕಿಸಿದಾಗಲೆಲ್ಲ ತಿರುಗಿ ಬೆದೆಗೆ ಬರುತ್ತಿದೆ. ಇನ್ನೊಂದು ಬೆದೆಯನ್ನೇ ತೋರಿಸುತ್ತಿಲ್ಲ. ಡಾಕ್ಟರ್ ಕೈ ಹಾಕಿ ನೋಡಿದರು. ಗರ್ಭಕೋಶ ಚೆನ್ನಾಗಿದೆ, ಲೋಳೆ ತಿಳಿಯಾಗಿದೆ, ಸೋಂಕಿಲ್ಲ ಅಂದರು. ಕೊಟ್ಟಿಗೆಗೆ ತಗಡು ಹಾಕಿದ್ದೇನೆ. ಮಧ್ಯಾಹ್ನ ಎರಡೂ ಬಾಯಿ ತೆರೆದು ಏದುಸಿರು ಬಿಡುತ್ತವೆ, ಜೊಲ್ಲು ಸುರಿಯುತ್ತೆ. ಸೆಮೆನ್ ಹಾಕಿಸುವ ದಿನ ಮೈಮೇಲೆ ನೀರು ಹಾಕುತ್ತೇನೆ. ಬೇರೆ ಹೋರಿಯ ಸ್ಟ್ರಾ (ಸೆಮೆನ್ ತುಂಬಿದ ಕೊಳವೆ) ಹಾಕಿಸಲೇ, ಇಲ್ಲ ಮಾರಿಬಿಡಲೇ?

ಉತ್ತರ 1

ದಯವಿಟ್ಟು ಮಾರಬೇಡಿ ಅಣ್ಣ. ನೀವು ಬರೆದದ್ದನ್ನು ನೋಡಿದರೆ ದೋಷ ಆಕಳದ್ದಲ್ಲ, ಬಿಸಿಲಿನದ್ದು.

ಆಕಳ ಮೈಬಿಸಿ 38.5 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಅದು 39 ದಾಟಿ ಹಾಗೇ ಉಳಿದರೆ ಗಬ್ಬ ನಿಲ್ಲುವುದು ಕಮ್ಮಿಯಾಗುತ್ತೆ. ಸೆಮೆನ್ ಹಾಕಿಸಿದ ಮೊದಲ ಮೂರ್ನಾಲ್ಕು ದಿನ ಭ್ರೂಣಕ್ಕೆ ಬಿಸಿ ತಡೆಯುವ ಶಕ್ತಿ ತೀರಾ ಕಮ್ಮಿ. ಒಳಗೇ ಸತ್ತುಹೋಗುತ್ತೆ, ನಮಗೆ ಗೊತ್ತೂ ಆಗಲ್ಲ. 21 ದಿನಕ್ಕೆ ಮತ್ತೆ ಬೆದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಅಂಡಾಶಯದಲ್ಲಿ ಅಂಡ ಬಲಿಯುವುದಕ್ಕೆ ವಾರಗಟ್ಟಲೆ ಬೇಕು. ಇವತ್ತು ಹೊರಬರುವ ಅಂಡ ಹೋದ ತಿಂಗಳ ಬಿಸಿಲನ್ನೂ ಉಂಡಿರುತ್ತೆ. ಅದಕ್ಕೇ ಸೆಮೆನ್ ಹಾಕಿಸುವ ಆ ಒಂದು ದಿನ ನೀರು ಹಾಕಿದರೆ ಏನೂ ಉಪಯೋಗ ಆಗಲ್ಲ. ಮಳೆ ಬಿದ್ದು ತಂಪಾದ ಮೇಲೂ ಒಂದೂವರೆ ಎರಡು ತಿಂಗಳು ಕೆಲವು ಆಕಳು ಸತಾಯಿಸುವುದು ಇದರಿಂದಲೇ. ತಂಪು ಮಾಡೋದು ದಿನಾ ನಡೆಯಬೇಕು, ಬೆದೆಗೆ ಮುಂಚಿನಿಂದಲೇ.

ತಗಡಿನ ಮೇಲ್ಮೈಗೆ ಸುಣ್ಣ ಬಳಿಯಿರಿ. ಬೆನ್ನಿನ ಮೇಲೆ ಚರ್ಮ ನೆನೆಯುವಷ್ಟು ನೀರು ಬಿಟ್ಟು, ಆಮೇಲೆ ಫ್ಯಾನ್ ಹಾಕಿ. ನೀರು ಆರುವಾಗಲೇ ಮೈ ತಣಿಯೋದು. ಗಾಳಿ ಆಡದ ಕೊಟ್ಟಿಗೆಯಲ್ಲಿ ಸುಮ್ನೆ ನೀರು ಚಿಮುಕಿಸಿದರೆ ಒಳಗೆಲ್ಲ ಉಗಿ ತುಂಬಿ ಇನ್ನೂ ಕೆಡುಕು. ಬೇವಿನ ಮರ ಇದ್ದರೆ ಹಗಲು ಅದರ ಕೆಳಗೇ ಕಟ್ಟಿ.

ಕುಡಿಯುವ ನೀರಿಗೆ ಮಧ್ಯಾಹ್ನ ನೀವೇ ಕೈ ಅದ್ದಿ ನೋಡಿ. ಬಿಸಿಲಲ್ಲಿರುವ ಟ್ಯಾಂಕಿನ ನೀರು ಕಾದಿರುತ್ತೆ. ಆಕಳು ಮೂತಿ ಇಟ್ಟು ಹಿಂದೆ ಸರಿಯುತ್ತೆ. ಹಾಲು ಕೊಡುವ ಆಕಳಿಗೆ ಬೇಸಿಗೆಯಲ್ಲಿ ದಿನಕ್ಕೆ 100 ಲೀಟರ್ ನೀರು ಜಾಸ್ತಿ ಏನಲ್ಲ. ಹಿಂಡಿ, ಮೇವನ್ನು ಬೆಳಗಿನ ಜಾವ ಮತ್ತು ರಾತ್ರಿಗೆ ಬದಲಿಸಿ. ಖನಿಜ ಮಿಶ್ರಣ ತಪ್ಪಿಸಬೇಡಿ.

ಉತ್ತರ 2

ಬೆದೆ ತೋರಿಸದ ಆಕಳ ಬಗ್ಗೆ ಹೇಳ್ತೀನಿ. ಬೇಸಿಗೆಯಲ್ಲಿ ಮೂಕ ಬೆದೆ ಜಾಸ್ತಿ. ಕೂಗಲ್ಲ, ಬೇರೆ ಆಕಳ ಮೇಲೆ ಹಾರಲ್ಲ. ಬೆದೆಯ ಹೊತ್ತೂ ಕಮ್ಮಿಯಾಗಿ, ಎಷ್ಟೋ ಸಲ ರಾತ್ರಿಯೇ ಮುಗಿದುಹೋಗುತ್ತೆ. ಮಲಗುವ ಮುಂಚೆ ಒಂದು ಸಲ, ಬೆಳಗಿನ ಜಾವ ಒಂದು ಸಲ ಬ್ಯಾಟರಿ ಹಿಡಿದು ಬಾಲ ಎತ್ತಿ ನೋಡಿ. ಬಾಲದ ಕೂದಲಿಗೆ, ತೊಡೆಗೆ ಒಣಗಿದ ಲೋಳೆ ಅಂಟಿರುತ್ತೆ. ಬೆಳಿಗ್ಗೆ ಕಂಡರೆ ಸಂಜೆ ಸೆಮೆನ್ ಅಂತ ಎಲ್ಲರೂ ಹೇಳ್ತಾರೆ, ಸರಿ. ಆದರೆ ಲೋಳೆ ಆಗಲೇ ಒಣಗಿದ್ದರೆ ಸಂಜೆವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯ್ತು. ಸುಣ್ಣ, ಫ್ಯಾನ್ ಎರಡೂ ಈ ವಾರವೇ ಮಾಡ್ತೀನಿ. ಮಳೆಗಾಲದವರೆಗೆ ಸೆಮೆನ್ ನಿಲ್ಲಿಸಬೇಕಾ? ದೇವಣಿ ಅನ್ನೋ ನಾಟಿ ತಳಿಗೆ ಬದಲಾಗು ಅಂತಾನೂ ಕೆಲವರು ಅಂತಾರೆ.

ಉತ್ತರ 1

ನಿಲ್ಲಿಸಬೇಡಿ. ಬೇಸಿಗೆಯಲ್ಲೂ ಗಬ್ಬ ನಿಲ್ಲುತ್ತೆ, ಕಮ್ಮಿ ಅಷ್ಟೇ. ಸೆಮೆನ್ ಮಾತ್ರ ತಂಪು ಹೊತ್ತಲ್ಲಿ ಹಾಕಿಸಿ, ಆಮೇಲೆ ಒಂದು ವಾರ ನೆರಳು ಬಿಡಿಸಬೇಡಿ. ದೇವಣಿ ಬೀದರ್ ಕಡೆಯದ್ದು, ಬಿಸಿಲು ಚೆನ್ನಾಗಿ ತಡೆಯುತ್ತೆ. ಆದರೆ ಹಾಲು ಎಚ್‌ಎಫ್‌ನಷ್ಟು ಬರಲ್ಲ. ಹಾಲಿನ ದುಡ್ಡಲ್ಲೇ ಮನೆ ನಡೆಯೋದಾದರೆ ಅವಸರ ಮಾಡಬೇಡಿ. ಎರಡು ತಿಂಗಳು ತಂಪು ಮಾಡಿದ ಮೇಲೂ ತಿರುಗಿ ಬಂದರೆ, ಹಾರ್ಮೋನ್ ಕೊಟ್ಟು ಗೊತ್ತಾದ ಹೊತ್ತಿಗೆ ಸೆಮೆನ್ ಹಾಕುವ ವಿಧಾನ ಇದೆ, ಡಾಕ್ಟರ್ ಹತ್ತಿರ ಕೇಳಿ.

ಮತ್ತೆ, ಬೆದೆ ಬರಲಿಲ್ಲ ಅಂದಮಾತ್ರಕ್ಕೆ ಗಬ್ಬ ಅಂದುಕೊಂಡು ಕೂರಬೇಡಿ. ಮೂಕ ಬೆದೆ ದಾಟಿ ಹೋಗಿರಬಹುದು. 60 ದಿನಕ್ಕೆ ಕೈ ಹಾಕಿಸಿ ನೋಡಿಸಿಬಿಡಿ.