ಕಾಡು ಕಣಿವೆಯ ರಾಜಕೋಟೆ ಕ್ರಿವೊಕ್ಲಾಟ್: ಒಂದು ದಿನ ಅದಕ್ಕೆಂದೇ ತೆಗೆದಿಡಬಹುದೇ?

ಪ್ರಶ್ನೆ: ನಿವೃತ್ತ ಶಿಕ್ಷಕಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮತ್ತು ಅಳಿಯ ಚೆಕ್ ದೇಶದ ಪ್ರಾಗ್ ನಗರದಲ್ಲಿ ಕೆಲಸದಲ್ಲಿದ್ದಾರೆ. ಬರುವ ಮೇ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋಗುವವರಿದ್ದೇವೆ. ಪ್ರಾಗ್ ಸುತ್ತಮುತ್ತ ಒಂದು ಕೋಟೆಯನ್ನಾದರೂ ಸಾವಕಾಶವಾಗಿ ನೋಡಬೇಕೆಂಬುದು ನನ್ನ ಆಸೆ. ಮಗಳು ಕಾರ್ಲ್‌ಶ್ಟೇನ್ ಎನ್ನುತ್ತಾಳೆ. ಅಳಿಯನ ಸಹೋದ್ಯೋಗಿಯೊಬ್ಬರು, ಅಲ್ಲಿ ಜನಜಂಗುಳಿ ಹೆಚ್ಚು, ಅದರ ಬದಲು ಅದೇ ಬೆರೌಂಕಾ ನದಿಯ ಕಣಿವೆಯಲ್ಲಿ ಇನ್ನೂ ಒಳಗೆ ಕಾಡಿನ ನಡುವೆ ಇರುವ ಕ್ರಿವೊಕ್ಲಾಟ್‌ಗೆ ಹೋಗಿ ಎಂದಿದ್ದಾರಂತೆ.

ನಾನು ವೃತ್ತಿಯಲ್ಲಿದ್ದಷ್ಟು ಕಾಲ ಮಕ್ಕಳನ್ನು ಕಲಬುರಗಿ, ಬೀದರ ಕೋಟೆಗಳಿಗೆ ಕರೆದೊಯ್ಯುತ್ತಿದ್ದವಳು. ಹೀಗಾಗಿ ಯಾವ ಕೋಟೆಯ ಚಿತ್ರ ಕಂಡರೂ ಮೊದಲು ಕಂದಕ ಎಲ್ಲಿ, ಬಾಗಿಲು ಎಷ್ಟು, ನೀರಿಗೆ ಏನು ಮಾಡಿಕೊಂಡಿದ್ದರು ಎಂದು ಹುಡುಕುವ ಅಭ್ಯಾಸವಾಗಿದೆ. ಕ್ರಿವೊಕ್ಲಾಟ್‌ನ ಚಿತ್ರಗಳಲ್ಲಿ ಸುತ್ತಲಿನ ಗುಡ್ಡಗಳೇ ಕೋಟೆಗಿಂತ ಎತ್ತರವಾಗಿ ಕಾಣುತ್ತವೆ. ಬೀದರ ಕೋಟೆ ಪ್ರಸ್ಥಭೂಮಿಯ ಅಂಚಿನಲ್ಲಿ ನಿಂತು ಕೆಳಗಿನ ಬಯಲನ್ನೆಲ್ಲ ಕಾಯುವಂತಿದ್ದರೆ, ಒಬ್ಬ ಅರಸ ತನ್ನ ಕೋಟೆಯನ್ನು ಹೀಗೆ ತಗ್ಗಿನಲ್ಲಿ ಏಕೆ ಕಟ್ಟಿಸಿದ ಎಂಬುದು ನನಗೆ ಬಗೆಹರಿಯಲಿಲ್ಲ. ಬಲ್ಲವರು ತಿಳಿಸಬೇಕು. ಜೊತೆಗೆ, ನಮ್ಮ ಯಜಮಾನರಿಗೆ ಮೊಣಕಾಲು ನೋವಿದೆ. ಅವರಿಗೆ ಅಲ್ಲಿ ತಿರುಗಾಡುವುದು ಸಾಧ್ಯವಾದೀತೇ ಎಂಬುದನ್ನೂ ದಯವಿಟ್ಟು ಹೇಳಿ.

ಉತ್ತರ: ಬೀದರದವ, ಸದ್ಯ ಪ್ಲಜೆನ್

ಅಕ್ಕೋರೆ, ನಮಸ್ಕಾರ. ನೌಕರಿಯ ನಿಮಿತ್ತ ನಾನಿರುವ ಪ್ಲಜೆನ್ ಊರಿನಲ್ಲಿಯೇ ಎರಡು ಹೊಳೆಗಳು ಕೂಡಿ ಬೆರೌಂಕಾ ನದಿಯಾಗುತ್ತವೆ. ಪ್ರಾಗ್ ತಲುಪಿ ಅದು ವ್ಲ್ತಾವಾ ನದಿಯನ್ನು ಸೇರುತ್ತದೆ. ಊರಿನಿಂದ ಬಂದವರನ್ನು ಕರೆದುಕೊಂಡು ನಾನು ಎರಡೂ ಕೋಟೆಗಳಿಗೆ ಹೋಗಿ ಬಂದಿದ್ದೇನೆ. ನಿಮ್ಮಂಥ ಅಭ್ಯಾಸ ಇರುವವರಿಗೆ ಕ್ರಿವೊಕ್ಲಾಟ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ತಗ್ಗಿನಲ್ಲಿ ಏಕೆ ಎಂಬ ಪ್ರಶ್ನೆಗೆ ಮೊದಲು ಬರುತ್ತೇನೆ. ಕೋಟೆ ನಿಜವಾಗಿ ತಗ್ಗಿನಲ್ಲಿಲ್ಲ. ಬೆರೌಂಕಾವನ್ನು ಸೇರುವ ಒಂದು ಸಣ್ಣ ಹಳ್ಳ ಬಳಸಿಕೊಂಡು ಹರಿಯುವುದರಿಂದ ಉಳಿದ ಕಲ್ಲಿನ ಕೋಡಿನ ಮೇಲೆ ಅದು ನಿಂತಿದೆ. ಹಳ್ಳದ ದಂಡೆಯಲ್ಲಿ ನಿಂತು ನೋಡಿದರೆ ಕತ್ತು ಮೇಲೆತ್ತಲೇಬೇಕು. ಸುತ್ತಲಿನ ಗುಡ್ಡಗಳು ಅದಕ್ಕಿಂತ ಎತ್ತರ ಎಂಬುದೂ ನಿಜ. ಆದರೆ ಇಲ್ಲಿ ಕಲ್ಲಿನ ಕೋಟೆ ಎದ್ದದ್ದು 13ನೇ ಶತಮಾನದಲ್ಲಿ, ಪ್ರೆಮಿಸ್ಲ್ ವಂಶದ ಅರಸರಾದ ಒಂದನೆಯ ವೆನ್ಸೆಸ್ಲಾಸ್ ಮತ್ತು ಎರಡನೆಯ ಒಟ್ಟೊಕರ್ ಕಾಲದಲ್ಲಿ. ಆಗ ಆ ನಾಡಿನಲ್ಲಿ ತೋಪು ಇರಲಿಲ್ಲ. ಎದುರು ಗುಡ್ಡದ ಮೇಲೆ ಶತ್ರು ಬಂದು ನಿಂತರೂ ಅಲ್ಲಿಂದ ಗೋಡೆ ಒಡೆಯುವ ಸಾಧನ ಅವನ ಬಳಿ ಇಲ್ಲದಿದ್ದಾಗ, ಎದುರು ಗುಡ್ಡದ ಎತ್ತರಕ್ಕಿಂತ ಕೋಟೆಯ ಬುಡದ ಕಡಿದಾದ ಬಂಡೆಯೇ ಮುಖ್ಯವಾಗುತ್ತದೆ. ನಮ್ಮ ಬೀದರದ ಮೂರು ಸಾಲಿನ ಕಂದಕವನ್ನೂ ತೋಪು ಇಡುವ ದಪ್ಪ ಬುರುಜುಗಳನ್ನೂ ಅದರ ಪಕ್ಕಕ್ಕಿಟ್ಟು ಯೋಚಿಸಿದರೆ, ಎರಡು ಬೇರೆ ಯುದ್ಧಕಾಲಗಳ ಕಟ್ಟಡಗಳೆಂಬುದು ತಾನಾಗಿ ತಿಳಿಯುತ್ತದೆ.

ಇನ್ನೊಂದು ಕಾರಣ ಇದಕ್ಕಿಂತಲೂ ಮುಖ್ಯ. ಕ್ರಿವೊಕ್ಲಾಟ್ ರಾಜಧಾನಿಯೂ ಅಲ್ಲ, ಗಡಿಠಾಣ್ಯವೂ ಅಲ್ಲ. ಅರಸರು ತಮ್ಮ ಬೇಟೆಗೆಂದು ಕಾಯ್ದಿರಿಸಿದ ಕಾಡಿನ ನಡುವಿನ ಬಿಡಾರ. ಕಾಡೇ ಅದರ ಸಂಪತ್ತು, ಆದ್ದರಿಂದ ಅದು ಕಾಡಿನ ಒಡಲಲ್ಲೇ ಇರಬೇಕಿತ್ತು. ಅರಸರ ಬೇಟೆಗಾಗಿ ಉಳಿದ ಕಾಡು ಮುಂದೆ ಫ್ಯೂರ್ಸ್ಟೆನ್‌ಬರ್ಗ್ ಎಂಬ ಶ್ರೀಮಂತ ಮನೆತನದ ಕೈಸೇರಿ, 1929ರಲ್ಲಿ ಕೋಟೆ ಸರ್ಕಾರದ ವಶವಾದ ಮೇಲೂ ಉಳಿದು, 1977ರಲ್ಲಿ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶವೆಂದೂ ಮರುವರ್ಷ ಸಂರಕ್ಷಿತ ಭೂಪ್ರದೇಶವೆಂದೂ ಘೋಷಣೆಯಾಯಿತು. ಇಂದು ರೈಲಿನ ಕಿಟಕಿಯಿಂದ ಕಾಣುವ ಓಕ್, ಬೀಚ್ ಮರಗಳ ದಟ್ಟಣೆ ಆ ರಾಜರ ಶೋಕಿಯ ಫಲ ಎನ್ನಬಹುದು. ಬಡವನೊಬ್ಬ ಆ ಕಾಡಿನಲ್ಲಿ ಜಿಂಕೆ ಹೊಡೆದಿದ್ದರೆ ಅವನ ಗತಿ ಏನಾಗುತ್ತಿತ್ತು ಎಂಬುದು ಬೇರೆ ಮಾತು.

ಹೋಗುವ ದಾರಿ ಸುಲಭವಿದೆ. ಪ್ರಾಗ್‌ನ ಮುಖ್ಯ ನಿಲ್ದಾಣದಿಂದ ಬೆರೌನ್‌ವರೆಗೆ ಹೋಗಿ, ಅಲ್ಲಿ ರಾಕೊವ್ನಿಕ್ ಕಡೆಗಿನ ಸಣ್ಣ ಲೋಕಲ್ ಗಾಡಿ ಹತ್ತಬೇಕು. ಬೆರೌನ್ ದಾಟಿದ ಮೇಲೆ ಹಳಿ ನದಿಯ ಮಗ್ಗುಲಲ್ಲೇ ಸಾಗುತ್ತದೆ, ಪ್ರವಾಸದ ಅರ್ಧ ಸೊಗಸು ಅಲ್ಲೇ ಇದೆ. ಕ್ರಿವೊಕ್ಲಾಟ್ ನಿಲ್ದಾಣದಿಂದ ಕೋಟೆಗೆ ನಡೆದೇ ಹೋಗಬಹುದು, ಕೊನೆಗೆ ಮಾತ್ರ ಏರು ಇದೆ. ಯಜಮಾನರಿಗೆ ಅದು ಕಷ್ಟವಾಗುವಂತಿದ್ದರೆ ಅಳಿಯನವರು ಕಾರು ತೆಗೆದುಕೊಳ್ಳಲಿ. ಚೆಕ್ ದೇಶದ ಸರ್ಕಾರಿ ಕೋಟೆಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಆ ದಿನ ಬಿಟ್ಟು ಹೊರಡಿ.

ಒಳಗೆ ನಮ್ಮ ಕೋಟೆಗಳಲ್ಲಿ ತಿರುಗಿದಂತೆ ಮನಬಂದಂತೆ ತಿರುಗಲಾಗದು. ಅಂಗಳದವರೆಗೆ ತಡೆಯಿಲ್ಲ. ಅರಮನೆಯ ಕೋಣೆಗಳಿಗೆ ಮಾತ್ರ ಗೈಡ್ ಜೊತೆಗೆ ಗುಂಪಿನಲ್ಲೇ ಹೋಗಬೇಕು, ಒಂದು ಕೋಣೆ ಬಿಟ್ಟ ಮೇಲೆ ಅದರ ಬಾಗಿಲು ಮುಚ್ಚುತ್ತಾರೆ. ಚೆಕ್ ಭಾಷೆಯ ಗುಂಪಾದರೆ ಇಂಗ್ಲಿಷ್ ವಿವರಣೆಯ ಹಾಳೆ ಕೇಳಿ ಪಡೆಯಿರಿ. ರಾಜರ ಸಭಾಂಗಣಕ್ಕೆ ಬಂದಾಗ ಮಾತ್ರ ಹಾಳೆ ಮಡಚಿ ಮೇಲೆ ನೋಡಿ. 15ನೇ ಶತಮಾನದ ಕೊನೆಗೆ ವ್ಲಾದಿಸ್ಲಾವ್ ಯಾಗೆಲ್ಲೊ ಎಂಬ ಅರಸ ಕೋಟೆಯನ್ನು ಹೊಸದಾಗಿ ಕಟ್ಟಿಸುವಾಗ ಮಾಡಿಸಿದ್ದು ಅದು. ಉದ್ದ 28 ಮೀಟರ್. ಗೋಡೆಯಿಂದ ಏಳುವ ಕಲ್ಲಿನ ಪಟ್ಟಿಗಳು ಮಂಚದ ನವಾರದಂತೆ ಒಂದನ್ನೊಂದು ಹಾಯ್ದುಕೊಂಡು ಮೇಲ್ಛಾವಣಿಯನ್ನೆಲ್ಲ ಹೆಣೆದಿವೆ, ನಡುವೆ ಒಂದೂ ಕಂಬವಿಲ್ಲ. ಪಕ್ಕದ ಪ್ರಾರ್ಥನಾಲಯದಲ್ಲಿ ಮರದಲ್ಲಿ ಕೆತ್ತಿದ, ಬಾಗಿಲುಗಳಂತೆ ಎರಡು ಬದಿಗೆ ತೆರೆಯುವ ಬಲಿಪೀಠವಿದೆ. ಯೇಸುವಿನ ಹನ್ನೆರಡು ಶಿಷ್ಯರ ಮೂರ್ತಿಗಳು ಗೋಡೆಗುಂಟ ನಿಂತಿವೆ. ನಮ್ಮ ಬೀದರ ಕೋಟೆಯ ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವನ್ನು ಹತ್ತಿರ ನಿಂತು ನೋಡಿದವರಿಗೆ ಈ ಮರಗೆಲಸದ ಬೆಲೆ ಬೇಗ ತಿಳಿಯುತ್ತದೆ.

42 ಮೀಟರ್ ಎತ್ತರದ ದುಂಡು ಗೋಪುರ ಏರುವುದು ಬೇರೆ ಸುತ್ತು. ಅದಕ್ಕೆ ನೀವು ಮಗಳೊಂದಿಗೆ ಹೋಗಿ, ಯಜಮಾನರು ಅಂಗಳದಲ್ಲಿ ಕುಳಿತಿರಲಿ.

ಉತ್ತರ: ಇತಿಹಾಸದ ಓದುಗ, ಯಾದಗಿರಿ

ಮೇಲಿನವರು ಕಟ್ಟಡದ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ಆ ಕಟ್ಟಡದಲ್ಲಿ ಇದ್ದವರ ಬಗ್ಗೆ ಸ್ವಲ್ಪ ಓದಿಕೊಂಡು ಹೋದರೆ ಗೈಡ್ ಹೇಳುವ ಮಾತಿಗೆ ಹಿಡಿತ ಸಿಗುತ್ತದೆ ಎಂದು ನನಗನ್ನಿಸುತ್ತದೆ, ಏಕೆಂದರೆ ಕ್ರಿವೊಕ್ಲಾಟ್‌ನ ಚರಿತ್ರೆಯಲ್ಲಿ ಬೇಟೆಗೆ ಬಂದವರಷ್ಟೇ ಮಹತ್ವ ಸೆರೆಗೆ ಬಂದವರಿಗೂ ಇದೆ.

ಅವರಲ್ಲಿ ಒಬ್ಬ ಪುಟ್ಟ ಬಾಲಕ. ಬೊಹೆಮಿಯಾದ (ಇಂದಿನ ಚೆಕ್ ದೇಶದ ಪಶ್ಚಿಮ ಭಾಗದ) ಅರಸ ಲಕ್ಸೆಂಬರ್ಗ್‌ನ ಜಾನ್, ಪಟ್ಟದರಸಿ ಎಲಿಷ್ಕಾಳೊಂದಿಗೆ ವಿರಸ ಬೆಳೆದಾಗ, ಮಗನನ್ನು ಮುಂದಿಟ್ಟುಕೊಂಡು ಸರದಾರರು ತನ್ನ ಮೇಲೆ ತಿರುಗಿಬಿದ್ದಾರೆಂಬ ಭಯದಿಂದ 1319ರಲ್ಲಿ ಮೂರು ವರ್ಷದ ಮಗುವನ್ನು ತಾಯಿಯ ಮಡಿಲಿನಿಂದ ಕಿತ್ತುಕೊಂಡ. ಆ ಮಗು ಕೆಲಕಾಲ ಈ ಕೋಟೆಯಲ್ಲಿ ಕಾವಲಿನಲ್ಲಿತ್ತು. 1323ರಲ್ಲಿ ಅದನ್ನು ಫ್ರಾನ್ಸಿನ ಆಸ್ಥಾನಕ್ಕೆ ಕಳುಹಿಸಲಾಯಿತು. ಮುಂದೆ ಚಕ್ರವರ್ತಿಯಾದ ನಾಲ್ಕನೆಯ ಚಾರ್ಲ್ಸ್ ಆ ಹುಡುಗನೇ. ಹತ್ತು ವರ್ಷಗಳ ಬಳಿಕ ನಾಡಿಗೆ ಮರಳಿದಾಗ ರಾಜಮನೆತನದ ಕೋಟೆಗಳೆಲ್ಲ ಒತ್ತೆಬಿದ್ದಿದ್ದವು. ತಾನು ಬಿಡಿಸಿಕೊಂಡ ಕೋಟೆಗಳಲ್ಲಿ ಕ್ರಿವೊಕ್ಲಾಟ್ ಒಂದು ಎಂದು ಅವನೇ ಲ್ಯಾಟಿನ್ ಭಾಷೆಯ ತನ್ನ ಆತ್ಮಚರಿತ್ರೆಯಲ್ಲಿ ದಾಖಲಿಸಿದ್ದಾನೆ. ಬಾಣಂತಿಯಾಗಿದ್ದ ಹೆಂಡತಿ ಬ್ಲಾಂಚ್‌ಳ ಸಂತೋಷಕ್ಕಾಗಿ ಕೋಟೆಯ ಎದುರಿನ ಇಳಿಜಾರಿನಲ್ಲಿ ಹಾಡುಹಕ್ಕಿಗಳನ್ನು ತರಿಸಿ ಬಿಡಿಸಿದನೆಂಬ ಕಥೆಯನ್ನು ಗೈಡ್ ಹೇಳಿಯೇ ಹೇಳುತ್ತಾರೆ. ಅದನ್ನು ಐತಿಹ್ಯವೆಂದೇ ಕೇಳಬೇಕು, ಬೇಟೆನಾಯಿಗಳಿಗೆ ಎದುರು ತಿರುಗಿದ ಸಣ್ಣ ಪ್ರಾಣಿಯೊಂದನ್ನು ಕಂಡು ಅಹಮದ್ ಶಾಹ ಬೀದರವನ್ನು ರಾಜಧಾನಿಗೆ ಆರಿಸಿದ ಎಂಬ ನಮ್ಮ ಕಥೆಯನ್ನು ಕೇಳುವ ಹಾಗೆ.

ಕಲಬುರಗಿಯವರಾದ ತಮಗೆ ಒಂದು ಹೊಂದಿಕೆ ಮೆಚ್ಚುಗೆಯಾಗಬಹುದು. ಚಾರ್ಲ್ಸ್ ಬೊಹೆಮಿಯಾದ ಅರಸನಾಗಿ ಪ್ರಾಗ್‌ನಲ್ಲಿ ಕಿರೀಟ ಧರಿಸಿದ್ದು 1347ರಲ್ಲಿ. ಹಸನ್ ಬಹಮನ್ ಶಾಹ ದಖನ್ನಿನಲ್ಲಿ ಬಹಮನಿ ರಾಜ್ಯ ಸ್ಥಾಪಿಸಿದ್ದೂ ಅದೇ 1347ರಲ್ಲಿ. ನಿಮ್ಮ ಕೋಟೆಯೊಳಗಿನ ಜಾಮಿ ಮಸೀದಿ 1367ರಲ್ಲಿ ಸಿದ್ಧವಾದಾಗ ಚಾರ್ಲ್ಸ್ ಇನ್ನೂ ಆಳುತ್ತಿದ್ದ.

ಇನ್ನಿಬ್ಬರು ಸೆರೆಯಾಳುಗಳು 16ನೇ ಶತಮಾನದವರು. ಯಾನ್ ಆಗುಸ್ತಾ ಎಂಬ ಧರ್ಮಗುರು, ಅರಸನ ಧರ್ಮಕ್ಕೆ ಒಪ್ಪದ ಸಹೋದರ ಸಂಘದ ಮುಖ್ಯಸ್ಥನಾಗಿದ್ದವನು, 1548ರಿಂದ 1564ರವರೆಗೆ ಇಲ್ಲಿ ಸೆರೆಯಲ್ಲಿದ್ದ. ಎಡ್ವರ್ಡ್ ಕೆಲ್ಲಿ ಎಂಬ ಇಂಗ್ಲಿಷ್ ರಸವಾದಿಯದು ಬೇರೆ ಕಥೆ: ಬಂಗಾರ ಮಾಡಿ ಕೊಡುತ್ತೇನೆಂದು ಎರಡನೆಯ ರುಡಾಲ್ಫ್ ಚಕ್ರವರ್ತಿಯ ಕೃಪೆಗೆ ಪಾತ್ರನಾಗಿದ್ದ ಅವನನ್ನು 1591ರಲ್ಲಿ ಬಂಧಿಸಿ ಇಲ್ಲಿಗೆ ತಂದರು. ಪ್ರವಾಸಿಗರು ಕೆಲ್ಲಿಯ ಬಗ್ಗೆಯೇ ಹೆಚ್ಚು ಕೇಳುತ್ತಾರಂತೆ. ಹದಿನಾರು ವರ್ಷ ತನ್ನ ನಂಬಿಕೆ ಬಿಡದೆ ಕುಳಿತ ಆಗುಸ್ತಾನ ಬಗ್ಗೆ ತಾವು ಕೇಳಿ.

ಉತ್ತರ: ಬಸವಕಲ್ಯಾಣದ ಪ್ರವಾಸಿ

ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಜನಜಂಗುಳಿಯೆಂಬ ಒಂದೇ ಕಾರಣಕ್ಕೆ ಕಾರ್ಲ್‌ಶ್ಟೇನ್ ಬಿಡಬಾರದು. 1348ರಲ್ಲಿ ಅದೇ ಚಾರ್ಲ್ಸ್ ಅಡಿಗಲ್ಲು ಹಾಕಿಸಿದ ಆ ಕೋಟೆಯ ಪವಿತ್ರ ಶಿಲುಬೆಯ ಪ್ರಾರ್ಥನಾಲಯದಲ್ಲಿ ಥಿಯೊಡೊರಿಕ್ ಎಂಬ ಚಿತ್ರಕಾರ ಮತ್ತು ಅವನ ಸಂಗಡಿಗರು ಹಲಗೆಗಳ ಮೇಲೆ ಬರೆದ 129 ಸಂತರ ಚಿತ್ರಗಳಿವೆ. ಗೋಡೆಯ ಕೆಳಭಾಗಕ್ಕೆ ಬಣ್ಣದ ಹೊಳಪುಗಲ್ಲುಗಳನ್ನು ಕೂರಿಸಿ, ನಡುವಿನ ಸಂದಿಗಳಿಗೆ ಬಂಗಾರದ ಬಣ್ಣ ಕೊಟ್ಟಿದ್ದಾರೆ. ಸಣ್ಣ ಗುಂಪುಗಳಿಗೆ ಮಾತ್ರ ಪ್ರವೇಶವಿರುವುದರಿಂದ ಮೊದಲೇ ಬುಕ್ ಮಾಡಿಸಬೇಕು. ಅದು ಸಿಕ್ಕರೆ ಕಾರ್ಲ್‌ಶ್ಟೇನ್, ಸಿಗದಿದ್ದರೆ ಕ್ರಿವೊಕ್ಲಾಟ್ ಎಂಬುದು ನನ್ನ ಸಲಹೆ. ಪ್ರಾರ್ಥನಾಲಯವಿಲ್ಲದ ಕಾರ್ಲ್‌ಶ್ಟೇನ್ ಎಂದರೆ ನಿಲ್ದಾಣದಿಂದ ಅಂಗಡಿಗಳ ನಡುವೆ ಒಂದು ದೀರ್ಘ ಏರು ನಡಿಗೆ, ಮೊಣಕಾಲು ನೋವಿದ್ದವರಿಗೆ ಅದು ಬೇಡವೇ ಬೇಡ.

ಇನ್ನೊಂದು ಮಾತು. ಎರಡೂ ಕೋಟೆಗಳಲ್ಲಿ ಇಂದು ನಾವು ಕಾಣುವ ಹೊರರೂಪವೆಲ್ಲ ಮಧ್ಯಯುಗದ್ದೆಂದು ತಿಳಿಯಬಾರದು. 1826ರಲ್ಲಿ ಕ್ರಿವೊಕ್ಲಾಟ್‌ಗೆ ದೊಡ್ಡ ಬೆಂಕಿ ಬಿತ್ತು. ಆಮೇಲೆ ನಡೆದ ಜೀರ್ಣೋದ್ಧಾರದಲ್ಲಿ, ಕಾರ್ಲ್‌ಶ್ಟೇನ್‌ನ ಕೆಲಸ ಮಾಡಿಸಿದ ಯೋಸೆಫ್ ಮೋಕರ್ ಎಂಬ ವಾಸ್ತುಶಿಲ್ಪಿಯ ಕೈಯೂ ಇದೆ. ಕೆಡಹಿದ್ದನ್ನು ಕೆಡಹಿದ ಹಾಗೆ ಬಿಟ್ಟ ನಮ್ಮ ಕೋಟೆಗಳು ಒಂದು ರೀತಿಯಲ್ಲಿ ಹೆಚ್ಚು ಪ್ರಾಮಾಣಿಕ, ಮಳೆಗಾಲದಲ್ಲಿ ಬೀಳುವ ಗೋಡೆಗಳ ಚಿಂತೆ ಬೇರೆ.

ಪ್ರಶ್ನೆ ಕೇಳಿದವರು: ನಿವೃತ್ತ ಶಿಕ್ಷಕಿ, ಕಲಬುರಗಿ

ಮೂವರಿಗೂ ಕೃತಜ್ಞತೆಗಳು. ತೋಪಿನ ವಿಚಾರ ತಿಳಿದ ಮೇಲೆ ಚಿತ್ರಗಳನ್ನು ಮತ್ತೆ ನೋಡಿದೆ, ಈಗ ಗೊಂದಲವಿಲ್ಲ. ಕಾರ್ಲ್‌ಶ್ಟೇನ್ ಪ್ರಾರ್ಥನಾಲಯಕ್ಕೆ ಮಗಳು ಪ್ರಯತ್ನಿಸುತ್ತಾಳೆ; ಸಿಗದಿದ್ದರೆ ಕ್ರಿವೊಕ್ಲಾಟ್ ಎಂದು ನಿಶ್ಚಯಿಸಿದ್ದೇವೆ. ನಾವು ಶಾಕಾಹಾರಿಗಳು. ಆ ಹಳ್ಳಿಯಲ್ಲಿ ಮಧ್ಯಾಹ್ನ ಊಟಕ್ಕೆ ಏನಾದರೂ ಸಿಗುತ್ತದೆಯೇ? ಅಲ್ಲದೆ, ಬೇಗ ಮುಗಿದರೆ ಹತ್ತಿರದಲ್ಲಿ ನೋಡುವಂಥದ್ದು ಬೇರೇನಿದೆ?

ಉತ್ತರ: ಬೀದರದವ, ಸದ್ಯ ಪ್ಲಜೆನ್

ಹುರಿದ ಚೀಸು ಮತ್ತು ಆಲೂಗಡ್ಡೆ ಈ ದೇಶದ ಹಳ್ಳಿ ಹೋಟೆಲುಗಳಲ್ಲಿ ಸಿಗುತ್ತದೆ, ಅಕ್ಕೋರೆ. ಅದರ ಮೇಲೆ ಭರವಸೆ ಇಡದೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಜೊತೆಗಿಟ್ಟುಕೊಳ್ಳುವುದು ಉತ್ತಮ. ಕಾರಿನಲ್ಲಿ ಬಂದರೆ ನದಿಯ ಮೇಲ್ಬದಿಗೆ ಟಿರ್ಝೋವ್ ಎಂಬ ಇನ್ನೊಂದು ರಾಜಕೋಟೆಯ ಅವಶೇಷವಿದೆ, ಅದೂ 13ನೇ ಶತಮಾನದ್ದೇ. ಅದನ್ನು ಯಾರೂ ದುರಸ್ತಿ ಮಾಡಿಲ್ಲ, ಗೋಡೆಗಳ ನಡುವೆ ಮರಗಳು ಬೆಳೆದಿವೆ. ದಾರಿ ಕಾಡಿನ ಕಾಲುದಾರಿ, ಏರು ಕಡಿದಾಗಿದೆ. ಯಜಮಾನರನ್ನು ಅಲ್ಲಿಗೆ ಹತ್ತಿಸಬೇಡಿ, ನದಿಯ ಆಚೆ ದಂಡೆಯಿಂದ ತೋರಿಸಿದರೆ ಸಾಕು.