ಹಳೆಯ ಕಬ್ಬಿನ ಗಾಣದ ಬೀಡಿನ ಭಾಗಗಳ ತುಕ್ಕನ್ನು ವಿದ್ಯುದ್ವಿಭಜನೆಯಿಂದ ಬಿಡಿಸಬಹುದೇ?

ಆಲೆಮನೆ_ಮಂಡ್ಯ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಆಲೆಮನೆಯಲ್ಲಿ ಎತ್ತು ಕಟ್ಟಿ ತಿರುಗಿಸುತ್ತಿದ್ದ ಮೂರು ಉರುಳೆಗಳ ಕಬ್ಬಿನ ಗಾಣವೊಂದು ಹಲವು ವರ್ಷಗಳಿಂದ ಮಳೆಯಲ್ಲಿ ನೆನೆದು ತುಕ್ಕು ಹಿಡಿದಿದೆ. ಅದನ್ನು ಗುಜರಿಗೆ ಹಾಕಲು ನಮಗೆ ಮನಸ್ಸಿಲ್ಲ. ಬಿಚ್ಚಿ, ಶುಚಿ ಮಾಡಿ, ಮತ್ತೆ ರಸ ತೆಗೆಯುವ ಸ್ಥಿತಿಗೆ ತರಬೇಕೆಂಬ ಆಸೆಯಿದೆ. ತಂತಿ ಬ್ರಷ್ಷು ಹಲ್ಲುಚಕ್ರದ ಹಲ್ಲುಗಳ ಬುಡವನ್ನು ತಲುಪುತ್ತಿಲ್ಲ, ಗ್ರೈಂಡರ್ ಹಿಡಿದರೆ ಒಳ್ಳೆಯ ಲೋಹವೂ ಸವೆಯುತ್ತದೆ. ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಭಾಗಗಳನ್ನು ಮುಳುಗಿಸಿ, ಬ್ಯಾಟರಿ ಚಾರ್ಜರ್‌ನಿಂದ ವಿದ್ಯುತ್ ಹರಿಸಿ ತುಕ್ಕು ಬಿಡಿಸಬಹುದೆಂದು ಕೇಳಿದ್ದೇನೆ. ಸೋಡಾದ ಬದಲು ಉಪ್ಪು ಸಾಕೇ? ಇನ್ನೊಂದು ಧ್ರುವಕ್ಕೆ ಮನೆಯಲ್ಲಿರುವ ಹಳೆಯ ಸ್ಟೀಲ್ ತಟ್ಟೆಗಳನ್ನು ಬಳಸಬಹುದೇ? ಕಬ್ಬಿನ ರಸ ಉರುಳೆಗಳಿಗೆ ನೇರವಾಗಿ ತಾಗುವುದರಿಂದ ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಲೇತ್_ಕೆಲಸ (ಉತ್ತರ):

ಖಂಡಿತವಾಗಿ ಮಾಡಬಹುದು. ಬೀಡಿನ, ಅಂದರೆ ಎರಕದ ಕಬ್ಬಿಣದ, ಭಾಗಗಳಿಗೆ ಇದಕ್ಕಿಂತ ಸೌಮ್ಯವಾದ ವಿಧಾನ ನನಗೆ ಗೊತ್ತಿಲ್ಲ. ಆಮ್ಲವು ತುಕ್ಕಿನ ಜೊತೆಗೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ, ಆದರೆ ಸರಿಯಾಗಿ ಜೋಡಿಸಿದ ವಿದ್ಯುದ್ವಿಭಜನೆಯಲ್ಲಿ ತುಕ್ಕಿನ ಕೆಳಗಿರುವ ಲೋಹಕ್ಕೆ ಹಾನಿಯಾಗುವುದಿಲ್ಲ.

ಮೊದಲಿಗೆ ಪ್ಲಾಸ್ಟಿಕ್ ಡ್ರಮ್ಮನ್ನೇ ಆರಿಸಿಕೊಳ್ಳಿ. ಲೀಟರ್ ನೀರಿಗೆ ಸುಮಾರು 10 ಗ್ರಾಂ ವಾಷಿಂಗ್ ಸೋಡಾ ಸಾಕು, ಹೆಚ್ಚು ಹಾಕಿದ ಮಾತ್ರಕ್ಕೆ ಶುಚಿ ಹೆಚ್ಚಾಗುವುದಿಲ್ಲ. ಭಾಗಗಳ ಮೇಲಿನ ಹಳೆಯ ಗ್ರೀಸನ್ನು ಮೊದಲೇ ಬಿಸಿನೀರು ಮತ್ತು ಸೋಪಿನಿಂದ ತೊಳೆದು ತೆಗೆಯಬೇಕು, ಏಕೆಂದರೆ ಗ್ರೀಸ್ ಇರುವ ಕಡೆ ವಿದ್ಯುತ್ ಹರಿಯುವುದಿಲ್ಲ. ಚಾರ್ಜರ್‌ನ ಋಣ ತುದಿಯನ್ನು, ಅಂದರೆ ಕಪ್ಪು ಕ್ಲಿಪ್ಪನ್ನು, ತುಕ್ಕು ಹಿಡಿದ ಭಾಗಕ್ಕೆ ಹಾಕಿ. ಕ್ಲಿಪ್ ಕಚ್ಚುವ ಜಾಗವನ್ನು ಮಾತ್ರ ಉಪ್ಪುಕಾಗದದಿಂದ ತಿಕ್ಕಿ ಹೊಳೆಯುವಂತೆ ಮಾಡಿಕೊಳ್ಳಿ. ಧನ ತುದಿಯನ್ನು ಸಾಧಾರಣ ಕಬ್ಬಿಣದ ಕಂಬಿ ಅಥವಾ ತಗಡುಗಳಿಗೆ ಜೋಡಿಸಿ. ಇದು ಅದಲುಬದಲಾದರೆ ನಿಮ್ಮ ಹಲ್ಲುಚಕ್ರವೇ ಕರಗುತ್ತಾ ಹೋಗುತ್ತದೆ. ಆದ್ದರಿಂದ ಸ್ವಿಚ್ ಒತ್ತುವ ಮುನ್ನ ಪ್ರತಿ ಸಲವೂ ನೋಡಿಕೊಳ್ಳಿ.

ಕಂಬಿಯ ಎದುರಿಗಿರುವ ಮೈ ಬೇಗ ಶುಚಿಯಾಗುತ್ತದೆ, ಮರೆಯಲ್ಲಿರುವ ಮೈ ಹಾಗೆಯೇ ಉಳಿಯುತ್ತದೆ. ನಾಲ್ಕೂ ಕಡೆ ಕಂಬಿಗಳನ್ನು ನಿಲ್ಲಿಸಿ ಅವನ್ನೆಲ್ಲ ತಂತಿಯಿಂದ ಒಂದಕ್ಕೊಂದು ಸೇರಿಸಿದರೆ ಹಲ್ಲುಗಳ ನಡುವಿನ ಸಂದುಗಳಿಗೂ ವಿದ್ಯುತ್ ತಲುಪುತ್ತದೆ. ಕಂಬಿಯು ಭಾಗಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. 12 ವೋಲ್ಟ್‌ನಲ್ಲಿ ಎರಡರಿಂದ ನಾಲ್ಕು ಆಂಪಿಯರ್ ಹರಿದರೆ ಒಂದು ಹಲ್ಲುಚಕ್ರಕ್ಕೆ ಸಾಕು. ರಾತ್ರಿಯೆಲ್ಲ ಬೇಕಾಗಬಹುದು, ಆತುರಪಟ್ಟು ಆಂಪಿಯರ್ ಏರಿಸಬೇಡಿ. ಇಂದಿನ ಕೆಲವು ಚಾರ್ಜರ್‌ಗಳು ಎದುರಿಗೆ ಬ್ಯಾಟರಿ ಇದೆಯೆಂದು ಗುರುತಿಸದೆ ವಿದ್ಯುತ್ ಕೊಡುವುದೇ ಇಲ್ಲ. ಹಳೆಯ ಕಾಲದ ಸರಳ ಚಾರ್ಜರ್ ಸಿಕ್ಕಿದರೆ ಅದೇ ಉತ್ತಮ.

ಹೊರತೆಗೆದಾಗ ಮೈಮೇಲೆ ಕಪ್ಪು ಪುಡಿ ಕಾಣುತ್ತದೆ, ಅದು ಬ್ರಷ್ಷಿಗೆ ಸುಲಭವಾಗಿ ಬರುತ್ತದೆ. ತೊಳೆದ ಕೂಡಲೇ ಒರೆಸಿ, ಬಿಸಿಲಿನಲ್ಲಿ ಅಥವಾ ಬಿಸಿಗಾಳಿಯಲ್ಲಿ ಒಣಗಿಸಿ, ಎಣ್ಣೆ ಹಚ್ಚಿ. ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟರೂ ಬರಿಮೈ ಕಬ್ಬಿಣ ಮತ್ತೆ ಕೆಂಪಾಗುತ್ತದೆ. ತುಕ್ಕು ಈಗಾಗಲೇ ತಿಂದ ಗುಳಿಗಳು ಮಾತ್ರ ತುಂಬಿಕೊಳ್ಳುವುದಿಲ್ಲ.

ರಸಾಯನ_ಪಾಠ (ಉತ್ತರ):

ಮೇಲಿನ ಉತ್ತರ ಸರಿಯಾಗಿದೆ. ನೀವು ಕೇಳಿದ ಉಪ್ಪು ಮತ್ತು ಸ್ಟೀಲ್ ತಟ್ಟೆಗಳ ಬಗ್ಗೆ ನಾನು ಹೇಳಲೇಬೇಕು, ಏಕೆಂದರೆ ಇವೆರಡೂ ಅಪಾಯಕಾರಿ.

ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿದರೆ ಧನಾಗ್ರದಲ್ಲಿ, ಅಂದರೆ ಧನ ತುದಿಗೆ ಜೋಡಿಸಿದ ಕಂಬಿಯ ಮೇಲೆ, ಕ್ಲೋರಿನ್ ಅನಿಲ ಹುಟ್ಟುತ್ತದೆ, ಅದು ಶ್ವಾಸಕೋಶಕ್ಕೆ ವಿಷ. ಅಲ್ಲದೆ ಬೀಡಿನ ಸೂಕ್ಷ್ಮ ರಂಧ್ರಗಳಲ್ಲಿ ಉಳಿದುಕೊಳ್ಳುವ ಕ್ಲೋರೈಡ್ ಮುಂದೆ ತುಕ್ಕನ್ನು ಮತ್ತೆ ಮತ್ತೆ ಕರೆತರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಟ್ಟೆಯಲ್ಲಿ ಕ್ರೋಮಿಯಂ ಇರುತ್ತದೆ. ಧನಾಗ್ರವಾಗಿ ಬಳಸಿದಾಗ ಅದು ಹೆಕ್ಸಾವೇಲೆಂಟ್ ಕ್ರೋಮಿಯಂ ಆಗಿ ನೀರಿಗೆ ಸೇರಬಹುದು, ಇದು ಕ್ಯಾನ್ಸರ್ ತರುವ ವಸ್ತು. ಕುಡಿಯುವ ರಸ ತಾಗುವ ಉರುಳೆಯನ್ನು ಅಂಥ ನೀರಿನ ಹತ್ತಿರವೂ ತರಬಾರದು. ತಟ್ಟೆ ಸವೆಯದೆ ಬಹುಕಾಲ ಬಾಳುತ್ತದೆಂಬ ಕಾರಣಕ್ಕೆ ಅದನ್ನು ಮೆಚ್ಚುವವರ ಮಾತನ್ನು ದಯವಿಟ್ಟು ಕೇಳಬೇಡಿ. ಸತು ಲೇಪಿಸಿದ ತಗಡೂ ಬೇಡ. ಸಾಧಾರಣ ಕಬ್ಬಿಣವೇ ಸಾಕು.

ಋಣಾಗ್ರದಲ್ಲಿ, ಅಂದರೆ ನಿಮ್ಮ ಭಾಗದ ಮೇಲೆ, ನೀರು ಒಡೆದು ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ. ಅಲ್ಲಿಗೆ ಬರುವ ಎಲೆಕ್ಟ್ರಾನುಗಳು ಕೆಂಪು ತುಕ್ಕಿನ ಒಂದಂಶವನ್ನು ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಮಾರ್ಪಡಿಸುತ್ತವೆ, ಗುಳ್ಳೆಗಳು ಸಡಿಲವಾದ ಪದರವನ್ನು ಎಬ್ಬಿಸುತ್ತವೆ. ಗಾಳಿಯಲ್ಲಿ ಹೈಡ್ರೋಜನ್ ಶೇಕಡಾ 4ರಷ್ಟು ಸೇರಿದರೂ ಕಿಡಿ ತಗುಲಿದಾಗ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಡ್ರಮ್ಮಿಗೆ ಮುಚ್ಚಳ ಹಾಕದೆ ತೆರೆದ ಜಾಗದಲ್ಲಿ ಇಡಿ, ಹತ್ತಿರ ಬೀಡಿ ಸಿಗರೇಟು ಬೇಡ, ಗೋಡೆಯ ಸ್ವಿಚ್ ಆರಿಸದೆ ಕ್ಲಿಪ್ಪುಗಳನ್ನು ಮುಟ್ಟಬೇಡಿ.

ಇದೇ ಹೈಡ್ರೋಜನ್ ಗಡಸು ಉಕ್ಕಿನೊಳಗೆ ನುಸುಳಿ ಅದನ್ನು ಪೆಡಸಾಗಿಸುತ್ತದೆ. ಸ್ಪ್ರಿಂಗುಗಳನ್ನೂ ಹೆಚ್ಚು ಭಾರ ಹೊರುವ ಗಡಸು ಬೋಲ್ಟುಗಳನ್ನೂ ಇದರಲ್ಲಿ ಮುಳುಗಿಸದೆ ಸೀಮೆಎಣ್ಣೆ ಮತ್ತು ಬ್ರಷ್ಷಿನಿಂದಲೇ ಶುಚಿ ಮಾಡಿ. ಬುಷ್‌ಗಳು ಗನ್‌ಮೆಟಲ್ ಅಥವಾ ಹಿತ್ತಾಳೆಯವಾಗಿದ್ದರೆ ಮೊದಲೇ ಬಿಚ್ಚಿಡಿ. ಅಲ್ಯೂಮಿನಿಯಂ ಅಂತೂ ಈ ಕ್ಷಾರದಲ್ಲಿ ಕರಗುತ್ತದೆ.

ನಿಧಾನದ ವಿಷಯದಲ್ಲಿ ದೊಡ್ಡದೊಂದು ನಿದರ್ಶನ ಅಮೆರಿಕದಲ್ಲಿದೆ. 1862ರ ಕೊನೆಯ ದಿನ ಅಟ್ಲಾಂಟಿಕ್‌ನಲ್ಲಿ ಮುಳುಗಿದ ಮಾನಿಟರ್ ಎಂಬ ಯುದ್ಧನೌಕೆಯ ತೋಪಿನ ಗೋಪುರವನ್ನು 2002ರಲ್ಲಿ ಮೇಲೆತ್ತಿ, ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನ ಮ್ಯಾರಿನರ್ಸ್ ಮ್ಯೂಸಿಯಂನಲ್ಲಿ ಕ್ಷಾರದ ತೊಟ್ಟಿಯಲ್ಲಿಟ್ಟು ಇದೇ ತತ್ತ್ವದಿಂದ ಸಂರಕ್ಷಿಸುತ್ತಿದ್ದಾರೆ. ಉಪ್ಪಿನಂಶವನ್ನು ಹೊರಗೆಳೆಯುವುದು ಅಲ್ಲಿನ ಮುಖ್ಯ ಗುರಿ, ಆ ಕೆಲಸ ವರ್ಷಗಟ್ಟಲೆ ಹಿಡಿದಿದೆ.

ಆಲೆಮನೆ_ಮಂಡ್ಯ:

ಇಬ್ಬರಿಗೂ ಕೃತಜ್ಞತೆಗಳು. ಸ್ಟೀಲ್ ತಟ್ಟೆಗಳನ್ನು ಬಳಸುವುದಿಲ್ಲ. ಉರುಳೆಗಳು ನಮ್ಮ ಡ್ರಮ್ಮಿನಲ್ಲಿ ಹಿಡಿಸುವುದಿಲ್ಲ, ಅವಕ್ಕೆ ಏನು ಮಾಡಬೇಕು? ಬಳಸಿದ ನೀರನ್ನು ಗದ್ದೆಗೆ ಬಿಡಬಹುದೇ?

ಲೇತ್_ಕೆಲಸ (ಉತ್ತರ):

ಉರುಳೆಯನ್ನು ಅರ್ಧ ಮುಳುಗಿಸಿ ಆಮೇಲೆ ತಿರುಗಿಸಬಹುದು, ಆದರೆ ನೀರಿನ ಮಟ್ಟದಲ್ಲಿ ಗೆರೆಯೊಂದು ಉಳಿಯುತ್ತದೆ. ಅದಕ್ಕಿಂತ ಹಿತ್ತಿಲಿನಲ್ಲಿ ಉರುಳೆಯ ಅಳತೆಗೆ ಗುಂಡಿ ತೋಡಿ, ದಪ್ಪ ಟಾರ್ಪಾಲಿನ್ ಹಾಸಿ ತೊಟ್ಟಿ ಮಾಡಿಕೊಳ್ಳುವುದು ಮೇಲು. ಮಕ್ಕಳು, ದನಕರುಗಳು ಅತ್ತ ಬಾರದಂತೆ ಬೇಲಿ ಕಟ್ಟಿ. ಚಾರ್ಜರ್ ನೀರಿನಿಂದ ದೂರದಲ್ಲಿ, ಎತ್ತರದಲ್ಲಿರಲಿ. ಶುಚಿಯಾದ ಉರುಳೆಗೆ ಎಂಜಿನ್ ಎಣ್ಣೆಯ ಬದಲು ಕೊಬ್ಬರಿ ಎಣ್ಣೆ ಹಚ್ಚಿ, ಕಬ್ಬು ಕೊಡುವ ಮುನ್ನ ಬಿಸಿನೀರಿನಲ್ಲಿ ತೊಳೆಯಿರಿ. ಹಳೆಯ ಬಣ್ಣದ ಪದರವಿದ್ದರೆ ಅದರಲ್ಲಿ ಸೀಸವಿರಬಹುದು, ಆ ಚೂರುಗಳನ್ನು ಸೋಸಿ ಬೇರೆಯಾಗಿ ತೆಗೆದಿಡಿ.

ಆ ನೀರನ್ನು ಗದ್ದೆಗೆ ಬಿಡಬೇಡಿ. ಅದರಲ್ಲಿರುವ ಸೋಡಿಯಂ ಮಣ್ಣನ್ನು ಚೌಳು ಮಾಡುತ್ತದೆ. ಒಮ್ಮೆ ಮಾಡಿದ ದ್ರಾವಣ ಬೇಗ ಕೆಡುವುದಿಲ್ಲ, ಇಂಗಿದಷ್ಟು ನೀರು ಸೇರಿಸಿ ಮೂರು ಉರುಳೆಗಳಿಗೂ ಅದನ್ನೇ ಬಳಸಬಹುದು. ಹಲ್ಲುಚಕ್ರಗಳಲ್ಲಿ ಅತಿ ಚಿಕ್ಕದನ್ನು ಮೊದಲು ಹಾಕಿ ನೋಡಿ. ಕಂಬಿಗಳನ್ನು ಎಷ್ಟು ದೂರದಲ್ಲಿ ನಿಲ್ಲಿಸಬೇಕೆಂಬುದು ಅದರಲ್ಲೇ ನಿಮಗೆ ತಿಳಿಯುತ್ತದೆ.